ಸೂಪರ್‌ಮೆಕ್ಸ್‌ನಲ್ಲಿ ನಿಮ್ಮ ಮೊದಲ ರೋಬೋ: ತೂಕ, ಬಿಸಿ, ದೂರದ ಲೆಕ್ಕ

ವಿಜಯಪುರದ ಹಾಸ್ಟೆಲ್ ಹುಡುಗರು, ಜಮಖಂಡಿಯ ಪಿಯುಸಿ ಮಕ್ಕಳು, ಇಲ್ಲೇ ಬೆಳಗಾವಿಯ ನಮ್ಮ ಓಣಿಯ ತಮ್ಮಂದಿರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಇದ್ದದ್ರಲ್ಲೇ ದೊಡ್ಡ ಗನ್ ಹಾಕಿದೀನಿ. ಆದ್ರೂ ನನಗಿಂತ ಸಣ್ಣ ಮೆಕ್ ಬಂದು ಹೊಡೆದು ಹೋಗ್ತದೆ. ಏನ್ ತಪ್ಪು ಮಾಡ್ತಿದೀನಿ?"

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನಾನು ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಹಗಲೆಲ್ಲ ಕಬ್ಬಿಣದ ಬಿಡಿಭಾಗ ಮಾಡ್ತೀನಿ, ರಾತ್ರಿ ಊಟ ಆದ ಮೇಲೆ ಒಂದು ತಾಸು ಈ ಆಟದ ಬಿಡಿಭಾಗ ಜೋಡಿಸ್ತೀನಿ. ಎರಡಕ್ಕೂ ಒಂದೇ ನಿಯಮ. ಒಂದೊಂದು ಪಾರ್ಟ್ ಎಷ್ಟೇ ಚೆನ್ನಾಗಿರಲಿ, ಒಂದಕ್ಕೊಂದು ಹೊಂದದಿದ್ದರೆ ಮಷಿನ್ ಓಡುವುದಿಲ್ಲ.

ಸೂಪರ್‌ಮೆಕ್ಸ್ ಅಂದರೆ ನೀವೇ ಬಿಡಿಭಾಗ ಜೋಡಿಸಿ ಒಂದು ಯುದ್ಧದ ರೋಬೋ ಕಟ್ಟಿ, ಆನ್‌ಲೈನ್‌ನಲ್ಲಿ ಬೇರೆ ಆಟಗಾರರ ರೋಬೋ ಜೊತೆ ಕಾದಾಡುವ ಆಟ. ಆ ರೋಬೋಗೆ ಇಲ್ಲಿ ಮೆಕ್ ಅನ್ನುತ್ತಾರೆ. ಆಟ ಸರದಿಯ ಪ್ರಕಾರ ನಡೆಯುತ್ತದೆ. ಒಮ್ಮೆ ನೀವು, ಒಮ್ಮೆ ಎದುರಾಳಿ. ಬೆರಳಿನ ವೇಗ ಬೇಕಾಗಿಲ್ಲ, ಲೆಕ್ಕ ಬೇಕು.

ಏನೇನು ಬೇಕು

ಸಾಧಾರಣ ಸ್ಮಾರ್ಟ್‌ಫೋನ್ ಸಾಕು. ಕಂಪ್ಯೂಟರ್‌ನಲ್ಲೂ ಆಡಬಹುದು. ಸರದಿಯ ಆಟ ಆದ್ದರಿಂದ ನೆಟ್ ಸ್ವಲ್ಪ ನಿಧಾನ ಇದ್ದರೂ ಓಟದ ಆಟಗಳ ಹಾಗೆ ಕೈ ಕೊಡುವುದಿಲ್ಲ. ಆದರೆ ಪ್ರತಿ ಸರದಿಗೂ ಸಮಯದ ಮಿತಿ ಇದೆ, ಅದಕ್ಕೇ ನೆಟ್ ಪೂರ್ತಿ ಹೋಗಬಾರದು. ಬಸ್ಸಿನಲ್ಲಿ ಗುಡ್ಡದ ರಸ್ತೆ ಹತ್ತುತ್ತಾ ಅರೀನಾದ, ಅಂದರೆ ಬೇರೆ ಆಟಗಾರರ ಜೊತೆಗಿನ, ಕಾಳಗ ಶುರು ಮಾಡಬೇಡಿ. ಇನ್ನೊಂದು, ಒಂದು ನೋಟ್‌ಬುಕ್ ಮತ್ತು ಪೆನ್ನು. ತಮಾಷೆಗೆ ಹೇಳ್ತಿಲ್ಲ, ಮುಂದೆ ಬೇಕಾಗುತ್ತದೆ.

ಹಂತ 1: ಮೊದಲು ಖಾತೆ ಭದ್ರ ಮಾಡಿ

ಆಟ ಇಳಿಸಿಕೊಂಡ ಕೂಡಲೇ ಎಲ್ಲರೂ ಅತಿಥಿಯಾಗಿ, ಅಂದರೆ ಗೆಸ್ಟ್ ಆಗಿ ಶುರು ಮಾಡ್ತಾರೆ. ತಿಂಗಳುಗಟ್ಟಲೆ ಹಾಗೇ ಆಡ್ತಾರೆ. ಒಂದು ದಿನ ಫೋನ್ ನೀರಿಗೆ ಬೀಳುತ್ತದೆ, ಮೆಕ್ ಕೂಡ ಅದರ ಜೊತೆ ಹೋಗುತ್ತದೆ. ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಇಮೇಲ್‌ನಿಂದ ಖಾತೆ ನೋಂದಾಯಿಸಿಕೊಳ್ಳಿ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.

ಹಂತ 2: ಬಿಡಿಭಾಗಗಳ ಗುರುತು ಮಾಡಿಕೊಳ್ಳಿ

ಮೆಕ್‌ಗೆ ನಡುವೆ ಒಂದು ಟಾರ್ಸೊ ಇರುತ್ತದೆ. ಟಾರ್ಸೊ ಅಂದರೆ ಎದೆಗೂಡು. ಜೀವ, ಎನರ್ಜಿ, ಬಿಸಿ ತಡೆಯುವ ಶಕ್ತಿ, ಇವುಗಳ ಬಹುಪಾಲು ಇಲ್ಲಿಂದಲೇ ಬರುತ್ತದೆ. ಕೆಳಗೆ ಕಾಲುಗಳು. ಕಾಲು ಬರೀ ನಡೆಯಲು ಅಲ್ಲ. ಎದುರಾಳಿ ಪಕ್ಕದಲ್ಲೇ ನಿಂತಿದ್ದರೆ ಕಾಲಿನಿಂದಲೇ ತುಳಿಯಬಹುದು, ಅದಕ್ಕೆ ಸ್ಟಾಂಪ್ ಅನ್ನುತ್ತಾರೆ. ಬದಿಗೆ 4 ಆಯುಧ, ಮೇಲೆ 2 ಆಯುಧ ಕೂರಿಸಬಹುದು. ಒಂದು ಡ್ರೋನ್ ಇಡಬಹುದು. ಡ್ರೋನ್ ಅನ್ನು ಒಮ್ಮೆ ಎಬ್ಬಿಸಿದರೆ ಆಮೇಲೆ ಅದು ತಾನಾಗಿ ಹೊಡೆಯುತ್ತಾ ಇರುತ್ತದೆ.

ಚಲನೆಗೆ ಇನ್ನೂ 3 ಸಾಮಾನು ಇವೆ. ಚಾರ್ಜ್ ಅಂದರೆ ಹೋರಿಯ ಹಾಗೆ ನುಗ್ಗಿ ಗುದ್ದುವುದು. ಟೆಲಿಪೋರ್ಟ್ ಅಂದರೆ ಇದ್ದಲ್ಲಿಂದ ಮಾಯವಾಗಿ ಬೇರೆ ಜಾಗದಲ್ಲಿ ಎದ್ದು ನಿಲ್ಲುವುದು. ಹುಕ್ ಅಂದರೆ ಕೊಕ್ಕೆ ಎಸೆದು ಎದುರಾಳಿಯನ್ನು ನಿಮ್ಮ ಹತ್ತಿರ ಎಳೆದುಕೊಳ್ಳುವುದು. ಕೊನೆಗೆ 8 ಮಾಡ್ಯೂಲ್‌ಗಳ ಜಾಗ. ಮಾಡ್ಯೂಲ್‌ಗಳು ಹೊರಗೆ ಕಾಣುವುದಿಲ್ಲ, ಒಳಗೇ ಇದ್ದು ಜೀವ, ಎನರ್ಜಿ, ತಂಪು ಇವನ್ನು ಹೆಚ್ಚಿಸುತ್ತವೆ.

ಪ್ರತಿ ಭಾಗದ ಮೇಲೆ ಬೆರಳಿಟ್ಟರೆ ಅದರ ವಿವರದ ಚೀಟಿ ತೆರೆಯುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಬಹಳ ಜನ ಮೇಲಿನ ದೊಡ್ಡ ಸಂಖ್ಯೆ, ಅಂದರೆ ಏಟಿನ ಬಲ, ಅಷ್ಟನ್ನೇ ನೋಡಿ ಕೂರಿಸಿಬಿಡ್ತಾರೆ. ಕೆಳಗಿನ ಸಣ್ಣ ಸಂಖ್ಯೆಗಳಲ್ಲೇ ಎಲ್ಲ ಇರುವುದು. ತೂಕ ಎಷ್ಟು, ಹಾರಿಸಿದರೆ ನಿಮಗೇ ಎಷ್ಟು ಬಿಸಿ ಏರುತ್ತದೆ, ಎಷ್ಟು ಎನರ್ಜಿ ತಿನ್ನುತ್ತದೆ, ಎಷ್ಟು ದೂರಕ್ಕೆ ಬಡಿಯುತ್ತದೆ, ಎಷ್ಟು ಸಲ ಹಾರಿಸಬಹುದು. ಕೆಲವು ಆಯುಧಗಳನ್ನು ಒಂದು ಕಾಳಗದಲ್ಲಿ ಎರಡೋ ಮೂರೋ ಸಲ ಮಾತ್ರ ಬಳಸಬಹುದು. ಇನ್ನು ಕೆಲವು ಹಾರಿಸಿದವನಿಗೇ ಸ್ವಲ್ಪ ಪೆಟ್ಟು ಕೊಡುತ್ತವೆ. ಇದನ್ನು ಕಾಳಗದ ನಡುವೆ ತಿಳಿದುಕೊಳ್ಳುವುದಕ್ಕಿಂತ ಮೊದಲೇ ಓದಿಕೊಳ್ಳುವುದು ಒಳ್ಳೇದು, ಅಲ್ವಾ?

ಹಂತ 3: ಒಂದು ಬಣ್ಣ ಹಿಡಿಯಿರಿ

ಆಯುಧಗಳಲ್ಲಿ 3 ಜಾತಿ. ಹಳದಿ ಅಂದರೆ ಫಿಸಿಕಲ್, ನೇರ ಪೆಟ್ಟು. ಇದು ಜೀವವನ್ನೇ ಕಡಿಯುತ್ತದೆ. ಕೆಂಪು ಅಂದರೆ ಎಕ್ಸ್‌ಪ್ಲೋಸಿವ್. ಇದು ಪೆಟ್ಟಿನ ಜೊತೆ ಎದುರಾಳಿಯ ಮೆಕ್‌ಗೆ ಬಿಸಿ ಏರಿಸುತ್ತದೆ. ನೀಲಿ ಅಂದರೆ ಎಲೆಕ್ಟ್ರಿಕ್. ಇದು ಎದುರಾಳಿಯ ಎನರ್ಜಿಯನ್ನು ಹೀರಿ ಬರಿದು ಮಾಡುತ್ತದೆ.

ಹೊಸಬರು ಮೂರನ್ನೂ ಸೇರಿಸಿ ಮಿಸಳ್ ಮಾಡಿಬಿಡ್ತಾರೆ. "ಎಲ್ಲ ಥರದ್ದೂ ಇದ್ರೆ ಒಳ್ಳೇದಲ್ವಾ?" ಅಂತ ಕೇಳ್ತಾರೆ. ಮಿಸಳ್ ತಟ್ಟೆಯಲ್ಲಿ ರುಚಿ, ಮೆಕ್‌ನಲ್ಲಿ ಅಲ್ಲ. ಯಾಕೆ ಅಂತ ಹೇಳ್ತೀನಿ.

ಕೆಂಪು ಆಯುಧ ಒಂದು ಸಲ ಹೊಡೆದು ಸ್ವಲ್ಪ ಬಿಸಿ ಏರಿಸುತ್ತದೆ. ನೀವು ಮುಂದಿನ ಸಲ ನೀಲಿ ಹೊಡೆದರೆ, ಅಷ್ಟರಲ್ಲಿ ಎದುರಾಳಿಯ ಮೆಕ್ ತಣ್ಣಗಾಗಿರುತ್ತದೆ. ನೀಲಿ ಒಂದಿಷ್ಟು ಎನರ್ಜಿ ಹೀರುತ್ತದೆ, ಮುಂದಿನ ಸಲ ನೀವು ಹಳದಿ ಹೊಡೆಯುವ ಹೊತ್ತಿಗೆ ಅದೂ ತುಂಬಿಕೊಂಡಿರುತ್ತದೆ. ಮೂರೂ ಕೆಲಸ ಅರ್ಧಕ್ಕೇ ನಿಂತವು. ಒಂದೇ ಬಣ್ಣದಿಂದ ಬಿಡದೆ ಹೊಡೆದರೆ ಮಾತ್ರ ಅದು ಎದುರಾಳಿಯನ್ನು ಕಟ್ಟಿಹಾಕುತ್ತದೆ.

ನಿಮ್ಮ ಖರ್ಚಿನ ಕಡೆಯಿಂದಲೂ ಹೀಗೇ. ಕೆಂಪು ಆಯುಧಗಳು ಹೆಚ್ಚಾಗಿ ನಿಮ್ಮ ಬಿಸಿಯನ್ನು ಬಳಸುತ್ತವೆ, ನೀಲಿ ಆಯುಧಗಳು ಹೆಚ್ಚಾಗಿ ನಿಮ್ಮ ಎನರ್ಜಿಯನ್ನು. ಬಣ್ಣ ಒಂದೇ ಆದರೆ ಮಾಡ್ಯೂಲ್‌ಗಳನ್ನು ಆ ಕಡೆಗೇ ಹೆಚ್ಚು ಹಾಕಬಹುದು.

ಯಾವ ಬಣ್ಣ? ಆಟದಲ್ಲಿ ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಮೊದಲ ಕೆಲವು ಪೆಟ್ಟಿಗೆಗಳಲ್ಲಿ ನಿಮಗೆ ಯಾವ ಬಣ್ಣದ ಒಳ್ಳೆಯ ಆಯುಧ ಜಾಸ್ತಿ ಸಿಕ್ಕಿತೋ ಅದೇ. ಎರಡೂ ಸಮ ಇದ್ದರೆ ನಾನು ಹೊಸಬರಿಗೆ ಕೆಂಪು ಹೇಳ್ತೀನಿ. ಬಿಸಿಯ ಲೆಕ್ಕ ಕಲಿತರೆ ಆಟದ ಅರ್ಧ ಕಲಿತ ಹಾಗೆ.

ಹಂತ 4: ತೂಕದ ಪಟ್ಟಿ ಬರೆಯಿರಿ

ಈಗ ನೋಟ್‌ಬುಕ್ ತೆಗೆಯಿರಿ. ಮೆಕ್‌ನ ಒಟ್ಟು ತೂಕದ ಮಿತಿ 1000. ಅದಕ್ಕಿಂತ ಒಂಚೂರು ಮೇಲೆ ಹೋಗಲು ಆಟ ಬಿಡುತ್ತದೆ, ಆದರೆ ಹೆಚ್ಚಾದ ಪ್ರತಿ ಕಿಲೋಗೂ ನಿಮ್ಮ ಜೀವದಿಂದ ಕಡಿಯುತ್ತದೆ. ಮೊದಲ ಮೆಕ್‌ಗೆ ಆ ಗೋಜು ಬೇಡ.

ಪಟ್ಟಿ ಹೇಗೆ ಬರೆಯುವುದು ಅಂತ ಒಂದು ಉದಾಹರಣೆ ಕೊಡ್ತೀನಿ. ಈ ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದವು, ನಿಮ್ಮ ಭಾಗಗಳ ತೂಕ ಬೇರೆ ಇರುತ್ತದೆ. ಎದೆಗೂಡು 330. ಕಾಲು 150. ಅಲ್ಲಿಗೆ 480 ಆಯಿತು, ಉಳಿದದ್ದು 520. ಟೆಲಿಪೋರ್ಟ್ 40. ಬದಿಯ ಆಯುಧ ಎರಡು, ತಲಾ 60, ಅಂದರೆ 120. ಮೇಲಿನ ಆಯುಧ ಒಂದು, 70. ಈಗ ಉಳಿದದ್ದು 290. ತಲಾ 40ರ 7 ಮಾಡ್ಯೂಲ್ ಹಾಕಿದರೆ 280. ಕೊನೆಗೆ 10 ಉಳಿಯಿತು. ಒಳ್ಳೆಯ ಪಟ್ಟಿ ಅಂದರೆ ಹೀಗೆ.

ಇದೇ ಮೆಕ್‌ಗೆ ಆಯುಧದ ಆಸೆಯಿಂದ ಬದಿಯ 4 ಜಾಗವನ್ನೂ ತುಂಬಿ, ಮೇಲೆ ಇನ್ನೊಂದು ಕೂರಿಸಿದರೆ ಏನಾಗುತ್ತದೆ? ಇನ್ನೂ 190 ಹೋಯಿತು. ಮಾಡ್ಯೂಲ್‌ಗೆ ಉಳಿದದ್ದು ಬರೀ 100, ಅಂದರೆ 7ರ ಜಾಗದಲ್ಲಿ 2. ನವೆಂಬರ್ ಬಂದರೆ ಸಕ್ಕರೆ ಕಾರ್ಖಾನೆ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ನೋಡ್ತೀರಲ್ಲ? ಹಿಂದೆ ಎರಡು ಟ್ರೇಲರ್, ಮೇಲೆ ಆಕಾಶದ ತನಕ ಕಬ್ಬು. ಏರು ಬಂದಾಗ ಮುಂದಿನ ಗಾಲಿ ನೆಲ ಬಿಟ್ಟು ಎದ್ದೇಳುತ್ತದೆ, ಡ್ರೈವರ್ ಕೈಯಲ್ಲಿ ಸ್ಟೇರಿಂಗ್ ಇದ್ದೂ ಇಲ್ಲದ ಹಾಗೆ. ಆಯುಧ ತುಂಬಿದ ಮೆಕ್‌ದೂ ಅದೇ ಸ್ಥಿತಿ. ಹೇರಿದ್ದೆಲ್ಲ ಇದೆ, ಎಳೆಯುವ ಎಂಜಿನ್ ಇಲ್ಲ.

ಎಚ್ಚರ: ಪಟ್ಟಿಯಲ್ಲಿ ಎದೆಗೂಡು ಮತ್ತು ಕಾಲು ಮೊದಲು ಬರಲಿ, ಆಮೇಲೆ ಒಂದು ಚಲನೆಯ ಸಾಮಾನು, ಆಮೇಲೆ ಆಯುಧ. ಆಯುಧದಿಂದ ಶುರು ಮಾಡಿದ ಪಟ್ಟಿ ಯಾವತ್ತೂ ಸರಿ ಬರುವುದಿಲ್ಲ.

ಹಂತ 5: ಬಿಸಿ ಮತ್ತು ಎನರ್ಜಿ

ಇಲ್ಲಿ ನಿಧಾನವಾಗಿ ಓದಿ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಹಂತದಲ್ಲೇ ಇದೆ.

ಬಿಸಿಗೆ ಎರಡು ಸಂಖ್ಯೆ. ಒಂದು ಹೀಟ್ ಕೆಪ್ಯಾಸಿಟಿ, ಅಂದರೆ ಮೆಕ್ ಎಷ್ಟು ಬಿಸಿ ತಾಳುತ್ತದೆ. ಇನ್ನೊಂದು ಕೂಲಿಂಗ್, ಅಂದರೆ ಪ್ರತಿ ಸುತ್ತಿಗೆ ತಾನಾಗಿ ಎಷ್ಟು ತಣ್ಣಗಾಗುತ್ತದೆ. ರೇಡಿಯೇಟರ್ ನೀರು ಮತ್ತು ಫ್ಯಾನ್ ಇದ್ದ ಹಾಗೆ. ಎನರ್ಜಿಗೂ ಹೀಗೇ ಎರಡು. ಟ್ಯಾಂಕ್ ಎಷ್ಟು ದೊಡ್ಡದು, ಪ್ರತಿ ಸುತ್ತಿಗೆ ಎಷ್ಟು ತುಂಬಿಕೊಳ್ಳುತ್ತದೆ.

ಬಿಸಿ ಮಿತಿ ದಾಟಿದರೆ ಮೆಕ್ ತಾನಾಗಿ ಬಂದ್ ಆಗುತ್ತದೆ, ಅದಕ್ಕೆ ಶಟ್‌ಡೌನ್ ಅನ್ನುತ್ತಾರೆ. ನಿಮ್ಮ ಸರದಿ ಬರುತ್ತದೆ, ಆದರೆ ಅದು ತಣಿಯುವುದರಲ್ಲೇ ಹೋಗುತ್ತದೆ. ಆ ಹೊತ್ತಿನಲ್ಲಿ ಎದುರಾಳಿ ಪುಕ್ಕಟೆಯಾಗಿ ಬಡಿಯುತ್ತಾನೆ. ಎನರ್ಜಿ ಮುಗಿದರೆ ಮೆಕ್ ಬಂದ್ ಆಗುವುದಿಲ್ಲ, ಆದರೆ ಎನರ್ಜಿ ಬೇಡುವ ಆಯುಧಗಳೆಲ್ಲ ಸುಮ್ನೆ ತೂಗಾಡುವ ಕಬ್ಬಿಣ ಆಗಿಬಿಡುತ್ತವೆ.

ಲೆಕ್ಕ ನೋಡಿ. ನಿಮ್ಮ ಮೆಕ್ 370 ಬಿಸಿ ತಾಳುತ್ತದೆ, ಸುತ್ತಿಗೆ 120 ತಣಿಯುತ್ತದೆ ಅಂತ ಇಟ್ಟುಕೊಳ್ಳಿ. ನೀವು ಒಂದು ಸರದಿಯಲ್ಲಿ ಎರಡು ಆಯುಧ ಹಾರಿಸ್ತೀರಿ, ಒಂದೊಂದೂ ನಿಮಗೆ 90 ಬಿಸಿ ಏರಿಸುತ್ತದೆ. 180 ಏರಿತು, 120 ಇಳಿಯಿತು, 60 ಉಳಿಯಿತು. ಎರಡನೇ ಸುತ್ತಿಗೆ 120 ಉಳಿಯುತ್ತದೆ, ಮೂರನೆಯದಕ್ಕೆ 180, ನಾಲ್ಕನೆಯದಕ್ಕೆ 240. ಇನ್ನೂ 370 ಆಗಿಲ್ಲ, ಸರಿಯಾಗೇ ಇದೀನಿ ಅಂದುಕೊಳ್ತೀರಿ. ಅಷ್ಟರಲ್ಲಿ ಕೆಂಪು ಎದುರಾಳಿ 140 ಬಿಸಿ ಕೊಡುವ ಒಂದು ಏಟು ಹಾಕ್ತಾನೆ. 380. ಮೆಕ್ ಬಂದ್.

"ಒಂದೇ ಏಟಿಗೆ ಬಂದ್ ಆಯ್ತು ಅಣ್ಣಾ" ಅಂತ ನನಗೆ ಬರೆಯುವವರದು ಇದೇ ಕಥೆ. ಒಂದೇ ಏಟಿಗೆ ಆದದ್ದಲ್ಲ. 380ರಲ್ಲಿ 240 ನೀವೇ ಏರಿಸಿಕೊಂಡದ್ದು.

ಹಾಗಾದರೆ ಮೆಕ್ ಕಟ್ಟುವಾಗ ಏನು ನೋಡಬೇಕು? ನಿಮ್ಮ ಕೂಲಿಂಗ್ ಒಂದು ಸರದಿಯ ಮಾಮೂಲಿ ಖರ್ಚಿಗೆ ಹತ್ತಿರ ಇರಬೇಕು. ಮೇಲಿನ ಉದಾಹರಣೆಯಲ್ಲಿ ಖರ್ಚು 180, ಕೂಲಿಂಗ್ 120. ಕೂಲಿಂಗ್ ಕೊಡುವ ಮಾಡ್ಯೂಲ್ ಇನ್ನೊಂದು ಹಾಕಿ ಅದನ್ನು 160ಕ್ಕೆ ತಂದರೆ ಸುತ್ತಿಗೆ ಉಳಿಯುವುದು 20 ಮಾತ್ರ. ನಾಲ್ಕು ಸುತ್ತಾದ ಮೇಲೂ 80. ಅದೇ 140ರ ಏಟು ಬಿದ್ದರೆ 220. ನೀವಿನ್ನೂ ಆರಾಮಾಗಿ ನಿಂತಿದೀರಿ. ಒಂದು ಮಾಡ್ಯೂಲಿನ ವ್ಯತ್ಯಾಸ, ಇಡೀ ಕಾಳಗ ತಿರುಗಿತು. ಇದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದ ದಿನ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ. ನಿಮಗೂ ಆಗಲಿ ಅಂತಲೇ ಇಷ್ಟು ಉದ್ದ ಬರೀತಿದೀನಿ.

ಎನರ್ಜಿಗೂ ಇದೇ ಥರ ಲೆಕ್ಕ ಹಾಕಿ. ಒಂದು ಸರದಿಯಲ್ಲಿ ನೀವು ತಿನ್ನುವ ಎನರ್ಜಿ ಎಷ್ಟು, ತುಂಬಿಕೊಳ್ಳುವುದು ಎಷ್ಟು. ನೀಲಿ ಎದುರಾಳಿ ಸಿಕ್ಕರೆ ಟ್ಯಾಂಕ್ ಸೊನ್ನೆಗೆ ಇಳಿದೇ ಇಳಿಯುತ್ತದೆ. ಅದಕ್ಕೇ ಎನರ್ಜಿ ಬೇಡದ, ಅಥವಾ ತೀರಾ ಕಡಿಮೆ ಬೇಡುವ ಒಂದು ಆಯುಧ ಮೆಕ್ ಮೇಲೆ ಇರಲಿ.

ಎಚ್ಚರ: ಕಾಳಗದಲ್ಲಿ ಕೂಲ್‌ಡೌನ್ ಅನ್ನುವ ಗುಂಡಿ ಇದೆ. ಪ್ರತಿ ಸರದಿಗೆ ಸಿಗುವ 2 ನಡೆಗಳಲ್ಲಿ ಒಂದನ್ನು ಖರ್ಚು ಮಾಡಿ ಬೇಕಂತಲೇ ತಣಿಸಿಕೊಳ್ಳುವುದು. ಹೊಸಬರು ಇದನ್ನು ಮುಟ್ಟುವುದೇ ಇಲ್ಲ, ಒಂದು ಏಟು ತಪ್ಪುತ್ತಲ್ಲ ಅಂತ. ಬಂದ್ ಆಗಿ ಇಡೀ ಸರದಿ ಕಳೆದುಕೊಳ್ಳುವುದಕ್ಕಿಂತ ಒಂದು ನಡೆ ಕೊಟ್ಟು ತಣಿಯುವುದು ಎಷ್ಟೋ ವಾಸಿ.

ಹಂತ 6: ದೂರ

ಕಣದಲ್ಲಿ ಸಾಲಾಗಿ 10 ಜಾಗ ಇವೆ. ಪಗಡೆಯ ಹಾಗೆ ಇವನ್ನು ಮನೆ ಅಂತ ಕರೆಯೋಣ. ಪಕ್ಕದ ಮನೆಯಲ್ಲಿ ಎದುರಾಳಿ ಇದ್ದರೆ ದೂರ 1. ಆಯುಧದ ಚೀಟಿಯಲ್ಲಿ ರೇಂಜ್ 1–2 ಅಂತ ಇದ್ದರೆ ಆ ದೂರದಲ್ಲಿ ಮಾತ್ರ ಅದು ಬಡಿಯುತ್ತದೆ. 4–6 ಅಂತ ಇದ್ದರೆ 4, 5, 6 ಮನೆ ದೂರಕ್ಕೆ ಮಾತ್ರ. ಹತ್ತಿರ ಬಂದವನಿಗೆ ಅದು ತಾಗುವುದೇ ಇಲ್ಲ.

ಈ ಕೊನೆಯ ಮಾತನ್ನು ಬಹಳ ಜನ ನಂಬುವುದಿಲ್ಲ. ದೂರಕ್ಕೆ ಹೊಡೆಯುವುದು ಹತ್ತಿರಕ್ಕೂ ಹೊಡೆಯಬೇಕಲ್ಲ ಅನ್ನುತ್ತಾರೆ. ವಿಜಯಪುರದ ಉಪ್ಲಿ ಬುರುಜ್ ಹತ್ತಿ ನೋಡಿದೀರಾ? ಸುಮಾರು 80 ಅಡಿ ಎತ್ತರ, ಮೇಲೆ ಉದ್ದನೆಯ ತೋಪುಗಳು. ಒಂದಂತೂ 30 ಅಡಿ ಇದೆ. ದೂರದಿಂದ ಬರುವ ದಂಡಿಗೆ ಅದು ಯಮ. ಬುರುಜಿನ ಬುಡಕ್ಕೇ ಬಂದು ನಿಂತವನನ್ನು ಏನು ಮಾಡುತ್ತದೆ? ಅಷ್ಟೇ ವಿಷಯ.

ಆದ್ದರಿಂದ ನಿಮ್ಮ ಮೆಕ್‌ಗೆ ಒಂದು ಇಷ್ಟದ ದೂರ ಇರಲಿ. ಹತ್ತಿರದ ಮೆಕ್ ಅಂದರೆ 1–2ರಲ್ಲಿ ಹೊಡೆಯುವ ಎರಡು ಆಯುಧ, ಜೊತೆಗೆ ಎದುರಾಳಿಯ ಬಳಿ ಹೋಗಲು ಚಾರ್ಜ್ ಅಥವಾ ಹುಕ್. ದೂರದ ಮೆಕ್ ಅಂದರೆ 4ರಿಂದಾಚೆ ಹೊಡೆಯುವ ಎರಡು ಆಯುಧ, ಜೊತೆಗೆ ತಪ್ಪಿಸಿಕೊಳ್ಳಲು ಟೆಲಿಪೋರ್ಟ್. ಎರಡರಲ್ಲೂ ಒಂದು ಆಯುಧ ಬೇರೆ ದೂರಕ್ಕೆ ಇರಲಿ, ಯಾವತ್ತೂ ಕೈ ಖಾಲಿ ಆಗದ ಹಾಗೆ. ಇಷ್ಟದ ದೂರಕ್ಕೆ ಎರಡು ಯಾಕೆ ಅಂದರೆ, ಪ್ರತಿ ಸರದಿಗೆ ನಿಮಗೆ 2 ನಡೆ ಸಿಗುತ್ತವೆ. ಒಂದು ಆಯುಧದ ಬಳಕೆ ಮುಗಿದರೂ ಇನ್ನೊಂದು ಇರಬೇಕು.

ನೂಕುವ ಮತ್ತು ಎಳೆಯುವ ಗುಣ ಇರುವ ಆಯುಧಗಳನ್ನು ಗಮನಿಸಿ. ಚೀಟಿಯಲ್ಲಿ ನಾಕ್‌ಬ್ಯಾಕ್ 2 ಅಂತ ಇದ್ದರೆ ಏಟು ತಿಂದ ಎದುರಾಳಿ 2 ಮನೆ ಹಿಂದೆ ಸರಿಯುತ್ತಾನೆ. ಗರಡಿಯಲ್ಲಿ ವಸ್ತಾದರು ಹೊಸ ಪೈಲ್ವಾನನಿಗೆ ಮೊದಲು ಕಲಿಸುವುದು ಕಾಲು ಎಲ್ಲಿಡಬೇಕು ಅಂತ, ಆಮೇಲೆ ಪಟ್ಟು. ಇಲ್ಲೂ ನಿಲ್ಲುವ ಜಾಗ ಮೊದಲು, ಏಟು ಆಮೇಲೆ.

ಹಂತ 7: ಮಾಡ್ಯೂಲ್ ಮತ್ತು ತಡೆ

ರೆಸಿಸ್ಟೆನ್ಸ್ ಅಂದರೆ ತಡೆ. ಹಳದಿ ತಡೆ 30 ಇದ್ದರೆ ನಿಮಗೆ ಬೀಳುವ ಪ್ರತಿ ಹಳದಿ ಏಟಿನಿಂದ ಅಷ್ಟು ಕಳೆಯುತ್ತದೆ. ಡ್ರೋನಿನ ಸಣ್ಣ ಸಣ್ಣ ಏಟುಗಳಿಗೆ ಇದು ಒಳ್ಳೆಯ ಮದ್ದು. ಮೂರೂ ಬಣ್ಣಕ್ಕೆ ತಡೆ ಹಾಕಲು ಹೋಗಿ ಜೀವವನ್ನೂ ತಂಪನ್ನೂ ಮರೆಯಬೇಡಿ. ಹಂತ 5ರ ಲೆಕ್ಕ ಮೊದಲು ಸರಿ ಹೋಗಲಿ, ಆಮೇಲೆ ಜೀವ ಕೊಡುವ ಪ್ಲೇಟು, ಉಳಿದ ತೂಕದಲ್ಲಿ ತಡೆ.

ಹಂತ 8: ಕ್ಯಾಂಪೇನ್ ಮತ್ತು ಬಲಪಡಿಸುವುದು

ಕಟ್ಟಿದ ಕೂಡಲೇ ಅರೀನಾಕ್ಕೆ ಓಡಬೇಡಿ. ಕ್ಯಾಂಪೇನ್ ಅಂದರೆ ಕಂಪ್ಯೂಟರ್ ಜೊತೆ ಆಡುವ ಕಾಳಗಗಳು. ಅಲ್ಲಿ ಚಿನ್ನವೂ ಸಿಗುತ್ತದೆ, ಹೊಸ ಭಾಗಗಳೂ ಸಿಗುತ್ತವೆ. ಪ್ರತಿ ಕಾಳಗಕ್ಕೂ ಇಂಧನ ಬೇಕು, ಅದು ಹೊತ್ತು ಹೋದ ಹಾಗೆ ತುಂಬಿಕೊಳ್ಳುತ್ತದೆ. ಇಂಧನ ಮುಗಿದರೆ ಫೋನ್ ಕೆಳಗಿಟ್ಟು ಓದಿಗೆ ಕೂತುಕೊಳ್ಳಿ. ಅದು ತುಂಬಲಿ ಅಂತ ದುಡ್ಡು ಹಾಕಬೇಡಿ.

ಬೇಡದ ಭಾಗಗಳನ್ನು ಬೇಕಾದ ಭಾಗಕ್ಕೆ ತಿನ್ನಿಸಿ ಅದರ ಮಟ್ಟ ಏರಿಸಬಹುದು. ಮಟ್ಟ ತುದಿಗೆ ಬಂದರೆ ಅದನ್ನು ಮೇಲಿನ ದರ್ಜೆಗೆ ಬದಲಿಸಬಹುದು, ಅದಕ್ಕೆ ಟ್ರಾನ್ಸ್‌ಫಾರ್ಮ್ ಅನ್ನುತ್ತಾರೆ. ದರ್ಜೆಗಳು ಕಾಮನ್‌ನಿಂದ ಶುರುವಾಗಿ ರೇರ್, ಎಪಿಕ್, ಲೆಜೆಂಡರಿ, ಮಿಥಿಕಲ್ ಹೀಗೆ ಏರುತ್ತವೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಬೀಳಬೇಡಿ. ಎಲ್ಲ ಭಾಗಗಳೂ ತುದಿಯ ದರ್ಜೆಗೆ ಏರುವುದಿಲ್ಲ. ಕೆಲವು ನಡುವೆಯೇ ನಿಲ್ಲುತ್ತವೆ. ಯಾವ ದರ್ಜೆಯ ತನಕ ಏರುತ್ತದೆ ಅಂತ ಚೀಟಿಯಲ್ಲೇ ಇರುತ್ತದೆ. ಅದನ್ನು ನೋಡದೆ, ಕೈಗೆ ಬಂದ ಮೊದಲ ಗನ್‌ಗೆ ಇದ್ದದ್ದೆಲ್ಲ ತಿನ್ನಿಸಿದ ತಮ್ಮನೊಬ್ಬ ಎರಡು ತಿಂಗಳ ಗಳಿಕೆ ಕಳೆದುಕೊಂಡ. ತಿನ್ನಿಸಿದ್ದು ವಾಪಸ್ ಬರುವುದಿಲ್ಲ. ಹಾಗೆಯೇ, ತಿನ್ನಿಸಲು ಆರಿಸುವಾಗ ಒಳ್ಳೆಯ ಭಾಗ ಏನಾದರೂ ಗುಂಪಿನಲ್ಲಿ ಸೇರಿದೆಯಾ ಅಂತ ಎರಡು ಸಲ ನೋಡಿ. ಈಗಿನ ಮೆಕ್‌ಗೆ ಬೇಡದಿದ್ದರೂ ಒಳ್ಳೆಯ ದರ್ಜೆಯ ಬೇರೆ ಬಣ್ಣದ ಭಾಗಗಳನ್ನು ಎತ್ತಿಡಿ. ಮುಂದೆ 3 ಮೆಕ್‌ಗಳ ತಂಡ ಕಟ್ಟುವಾಗ ಅವೇ ಕೈ ಹಿಡಿಯುತ್ತವೆ.

ಮೊದಲು ಯಾವುದನ್ನು ಬಲಪಡಿಸಬೇಕು? ಎದೆಗೂಡು. ಆಮೇಲೆ ಎನರ್ಜಿ ಮತ್ತು ತಂಪಿನ ಮಾಡ್ಯೂಲ್. ಆಯುಧ ಮೂರನೆಯದು. ಹುಡುಗರಿಗೆ ಈ ಸಾಲು ಹಿಡಿಸುವುದಿಲ್ಲ ಅಂತ ಗೊತ್ತು. ಆದರೂ ಇದೇ ಸರಿ.

ಹಂತ 9: ಅರೀನಾದಲ್ಲಿ ಮೊದಲ ಕಾಳಗ

ಒಂದು ಕಾಳಗದ ಶುರುವನ್ನು ನಡೆ ನಡೆಯಾಗಿ ನೋಡೋಣ. ನಿಮ್ಮದು ಕೆಂಪು ಮೆಕ್. ಒಂದು ಆಯುಧ 1–2 ದೂರದ್ದು, ಅದಕ್ಕೆ 2 ಮನೆ ನೂಕುವ ಗುಣ ಇದೆ. ಇನ್ನೊಂದು 3–5 ದೂರದ್ದು, ಮೇಲಿನದು 4–6 ದೂರದ್ದು. ನೀವು 4ನೇ ಮನೆಯಲ್ಲಿ, ಎದುರಾಳಿ 8ನೇ ಮನೆಯಲ್ಲಿ. ದೂರ 4.

ಮೊದಲ ಸರದಿ ಸಿಕ್ಕವರಿಗೆ ಆ ಒಂದು ಸಲ ಮಾತ್ರ 2ರ ಬದಲು 1 ನಡೆ. ನಿಮಗೆ ಸಿಕ್ಕಿದೆ ಅಂದುಕೊಳ್ಳಿ. 4–6ರ ಮೇಲಿನ ಆಯುಧ ಹಾರಿಸಿ. ದೂರ ಸರಿಯಾಗಿದೆ, ಎದುರಾಳಿಗೆ ಬಿಸಿ ಏರಲು ಶುರು.

ಎದುರಾಳಿ ಹತ್ತಿರದ ಮೆಕ್. ಚಾರ್ಜ್ ಮಾಡಿ ನುಗ್ಗಿ ನಿಮ್ಮ ಪಕ್ಕಕ್ಕೇ ಬಂದ. ಅದು ಅವನ ಒಂದು ನಡೆ. ಇನ್ನೊಂದು ನಡೆಯಲ್ಲಿ ಗುದ್ದಿದ. ದೂರ ಈಗ 1.

ಈಗ ನಿಮ್ಮ ಸರದಿ, 2 ನಡೆ. ಹೊಸಬನಾದರೆ ಗಾಬರಿಯಲ್ಲಿ ಒಮ್ಮೆ ಕಾಲಿನಿಂದ ತುಳಿದು, ಇನ್ನೊಂದು ನಡೆಯನ್ನು ಸುಮ್ನೆ ಕಳೆದು ಬಿಡ್ತಾನೆ. ಏಟೇನೋ ಬಿತ್ತು. ಆದರೆ ತುಳಿದ ಮೇಲೂ ಎದುರಾಳಿ ತನಗೆ ಬೇಕಾದ ಕಡೆಯೇ ನಿಂತಿದ್ದರೆ ಮುಂದಿನ ಸರದಿಯ ಎರಡೂ ನಡೆಯಲ್ಲಿ ನಿಮ್ಮನ್ನು ಬಡಿಯುತ್ತಾನೆ.

ನೀವು ಹೀಗೆ ಮಾಡಿ. ಮೊದಲ ನಡೆ, 1–2ರ ಆಯುಧ. ಏಟೂ ಬಿತ್ತು, ಎದುರಾಳಿ 2 ಮನೆ ಹಿಂದೆಯೂ ಹೋದ. ದೂರ 3. ಎರಡನೇ ನಡೆ, 3–5ರ ಆಯುಧ. ಈಗ ಅವನ ಸರದಿ ಬಂದಾಗ ಅವನ 1–2ರ ಆಯುಧಗಳು ನಿಮ್ಮನ್ನು ಮುಟ್ಟುವುದಿಲ್ಲ. ಹತ್ತಿರ ಬರಲು ಒಂದು ನಡೆ ಕಳೆಯಲೇಬೇಕು. ಉಳಿದದ್ದು ಒಂದೇ ಏಟು. ನೀವು ಎರಡು ಹೊಡೆದಿರಿ, ಅವನು ಒಂದು. ಬಿಸಿಯೂ ಅವನಿಗೆ ಏರುತ್ತಿದೆ. ಇನ್ನೆರಡು ಸುತ್ತು ಹೀಗೇ ನಡೆದರೆ ಅವನ ಮೆಕ್ ಬಂದ್ ಆಗುವ ಸಂಭವ ಜಾಸ್ತಿ.

ಎದುರಾಳಿಯ ನಡೆ ತಿನ್ನುವುದು ಅಂದರೆ ಇದೇ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮುಧೋಳದ ನಾಯಿ ನೋಡಿದೀರಲ್ಲ, ಮೈಯಲ್ಲಿ ಮಾಂಸ ಕಡಿಮೆ, ಆದರೆ ಮೊಲ ತಿರುಗುವ ಕಡೆ ತಾನು ಮೊದಲೇ ತಿರುಗಿರುತ್ತದೆ. ಕಡಿಮೆ ಆಯುಧದ ಮೆಕ್ ದೊಡ್ಡ ಮೆಕ್ ಅನ್ನು ಗೆಲ್ಲುವುದು ಹೀಗೆ.

ಎಚ್ಚರ: ನಿಮ್ಮ ಬೆನ್ನ ಹಿಂದೆ ಎಷ್ಟು ಮನೆ ಖಾಲಿ ಇದೆ ಅಂತ ನೋಡುತ್ತಾ ಇರಿ. ದೂರದ ಮೆಕ್ ಗೋಡೆಗೆ ಒತ್ತಿಕೊಂಡರೆ ಹಿಂದೆ ಸರಿಯಲು ಜಾಗ ಇಲ್ಲ, ಎದುರಾಳಿ ಅಲ್ಲೇ ಕೂಡಿಹಾಕಿ ಬಡಿಯುತ್ತಾನೆ. ಟೆಲಿಪೋರ್ಟ್ ಅನ್ನು ಅಂಥ ಹೊತ್ತಿಗೆ ಉಳಿಸಿಕೊಳ್ಳಿ. ಶುರುವಿನಲ್ಲೇ ಖರ್ಚು ಮಾಡಬೇಡಿ.

ಸೋತರೆ ಕೂಡಲೇ ಮತ್ತೊಂದು ಕಾಳಗಕ್ಕೆ ಒತ್ತಬೇಡಿ. ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. ಬಿಸಿಗೆ ಬಂದ್ ಆದೆನಾ, ಎನರ್ಜಿ ಮುಗಿಯಿತಾ, ದೂರ ಸಿಗಲಿಲ್ಲವಾ, ಅಥವಾ ಸುಮ್ನೆ ಜೀವ ಸಾಲಲಿಲ್ಲವಾ. 10 ಸೋಲು ಬರೆದ ಮೇಲೆ ಯಾವುದು ಜಾಸ್ತಿ ಇದೆ ನೋಡಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಅಂತ ಗೊತ್ತಾಗುವುದಿಲ್ಲ. ಲೇತ್ ಮೇಲೂ ನಾವು ಒಂದೊಂದೇ ಅಳತೆ ತಿದ್ದುವುದು.

ಹಂತ 10: ದುಡ್ಡು ಮತ್ತು ಮೋಸ

ಆಟ ಪುಕ್ಕಟೆ. ಆದರೆ ಟೋಕನ್, ಪೆಟ್ಟಿಗೆ ಅಂತ ದುಡ್ಡಿಗೆ ಕೊಳ್ಳುವ ಸಾಮಾನು ಒಳಗಿದೆ. ಪೆಟ್ಟಿಗೆಯಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಅಪ್ಪ ಅಮ್ಮನ ಫೋನ್‌ನಲ್ಲಿ ಆಡುವ ತಮ್ಮ ತಂಗಿಯರೇ, ಅವರನ್ನು ಕೇಳದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮನೆಯ ಹಿರಿಯರು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಟ್ಟುಬಿಡಿ. ಗೆಳೆಯರ ನಡುವೆ ದುಡ್ಡು ಕಟ್ಟಿ ಆಡುವುದಂತೂ ಬೇಡವೇ ಬೇಡ.

ಚಾಟ್‌ನಲ್ಲಿ ಯಾರಾದರೂ "ಪುಕ್ಕಟೆ ಟೋಕನ್ ಕೊಡ್ತೀನಿ, ಈ ಲಿಂಕ್ ಒತ್ತಿ" ಅಂದರೆ ಅದು ಮೋಸ. "ನನ್ನ ದೊಡ್ಡ ಖಾತೆ ಮಾರ್ತೀನಿ, ಯುಪಿಐ ಮಾಡಿ" ಅಂದರೂ ಮೋಸ. ನಿಮ್ಮ ಪಾಸ್‌ವರ್ಡ್, ಒಟಿಪಿ, ಶಾಲೆಯ ಹೆಸರು, ಮನೆಯ ವಿಳಾಸ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಯೇ ಬಿಟ್ಟರೆ ಹೆದರಿ ಮುಚ್ಚಿಡಬೇಡಿ, ಮನೆಯಲ್ಲಿ ಹೇಳಿ, ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ದುಡ್ಡು ತಡೆಯುವ ಅವಕಾಶ ಅಷ್ಟು ಹೆಚ್ಚು.

ನನ್ನನ್ನು ಕೇಳುವ ಮೊದಲು

ಇಷ್ಟೆಲ್ಲ ಮಾಡಿಯೂ ಸೋಲುತ್ತಿದ್ದರೆ ಖಂಡಿತ ಕೇಳಿ, ಉತ್ತರ ಬರೀತೀನಿ. ಆದರೆ "ನನ್ನ ಮೆಕ್ ಹೇಗಿದೆ?" ಅಂತ ಬರೀ ಚಿತ್ರ ಕಳಿಸಿದರೆ ನನಗೆ ಏನೂ ಹೇಳಲು ಬರುವುದಿಲ್ಲ. ಈ 5 ಸಂಖ್ಯೆ ಕಳಿಸಿ: ಒಟ್ಟು ತೂಕ, ಹೀಟ್ ಕೆಪ್ಯಾಸಿಟಿ, ಕೂಲಿಂಗ್, ಎನರ್ಜಿ ಟ್ಯಾಂಕ್, ಸುತ್ತಿಗೆ ತುಂಬುವ ಎನರ್ಜಿ. ಜೊತೆಗೆ ಪ್ರತಿ ಆಯುಧದ ಬಣ್ಣ ಮತ್ತು ರೇಂಜ್. ಕೊನೆಯ 10 ಸೋಲಿನ ನಿಮ್ಮ ನೋಟ್‌ಬುಕ್ ಪುಟದ ಫೋಟೋ ಇದ್ದರೆ ಇನ್ನೂ ಒಳ್ಳೇದು. ಭಾನುವಾರ ಮಧ್ಯಾಹ್ನ ಕೂತು ಬಂದ ಕ್ರಮದಲ್ಲೇ ನೋಡ್ತೀನಿ.